ಮುಂಬಯಿಯಿಂದ ಐಹೊಳೆಗೆ ಬಂದ ಕ್ಯಾಮರಾ

1855ರಲ್ಲಿ ಮುಂಬಯಿ ಸರಕಾರ ಥಾಮಸ್ ಬಿಗ್ಸ್ ಎಂಬ ಫಿರಂಗಿ ದಳದ ಕ್ಯಾಪ್ಟನ್ನನಿಗೆ ಒಂದು ವಿಚಿತ್ರ ಕೆಲಸ ಒಪ್ಪಿಸಿತು. ತೋಪು ಬಿಟ್ಟು ಕ್ಯಾಮರಾ ಹಿಡಿಯಬೇಕು, ಪ್ರಾಂತ್ಯದ ದಕ್ಷಿಣ ಭಾಗದಲ್ಲಿರುವ ಹಳೆಯ ಕಟ್ಟಡಗಳ ಚಿತ್ರ ತೆಗೆದು ತರಬೇಕು. ಆಗಿನ ಮುಂಬಯಿ ಪ್ರಾಂತ್ಯದ ದಕ್ಷಿಣ ಭಾಗವೆಂದರೆ ಧಾರವಾಡ, ಬೆಳಗಾವಿ, ಕಲಾದಗಿ, ಬಿಜಾಪುರ. ಅಂದರೆ ಕನ್ನಡದ ಸೀಮೆ. ಮುಂಬಯಿಯ ಕಚೇರಿಗಳಲ್ಲಿ ಕುಳಿತವರಿಗೆ ಅದು ಘಟ್ಟದಾಚೆಯ, ನಕ್ಷೆಯಲ್ಲಷ್ಟೇ ಕಂಡಿದ್ದ ನಾಡು. ಬಿಜಾಪುರವಂತೂ ಬ್ರಿಟಿಷರ ಕೈಗೆ ಬಂದು ಹತ್ತು ವರ್ಷವೂ ಆಗಿರಲಿಲ್ಲ. 1848ರಲ್ಲಿ ಸಾತಾರಾ ಸಂಸ್ಥಾನವನ್ನು ನುಂಗಿದಾಗ ಅದರ ಜೊತೆಗೆ ಸಿಕ್ಕಿದ ಊರು ಅದು.

ಬಿಗ್ಸ್ ಹೊರಡುವ ಹೊತ್ತಿಗೆ ಛಾಯಾಗ್ರಹಣಕ್ಕೆ ಹದಿನಾರು ವರ್ಷ. ಇಂಡಿಯಾದಲ್ಲಿ ಅದು ಬಹುಮಟ್ಟಿಗೆ ಹವ್ಯಾಸಿ ಅಧಿಕಾರಿಗಳ ಮತ್ತು ವೈದ್ಯರ ಆಟಿಕೆ. ಆದರೆ ಮುಂಬಯಿಯಲ್ಲಿ ಆ ಆಟ ಬಹಳ ಬೇಗ ಗಂಭೀರವಾಯಿತು. 1854ರ ಅಕ್ಟೋಬರಿನಲ್ಲಿ ಅಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಕಲಕತ್ತೆ, ಮದರಾಸುಗಳು ತಮ್ಮ ಸೊಸೈಟಿಗಳನ್ನು ಕಟ್ಟಿಕೊಂಡದ್ದು 1856ರಲ್ಲಿ. ಮುಂಬಯಿ ಸೊಸೈಟಿಯ ಆರಂಭದ ಸದಸ್ಯರಲ್ಲಿ ಯುರೋಪಿಯನ್ನರ ಜೊತೆಗೆ ಡಾಕ್ಟರ್ ಭಾವು ದಾಜಿ ಮತ್ತು ಅವರ ತಮ್ಮ ಡಾಕ್ಟರ್ ನಾರಾಯಣ ದಾಜಿ ಇದ್ದರು. ಭಾವು ದಾಜಿ ಶಾಸನಗಳನ್ನು ಓದುತ್ತಿದ್ದ ವಿದ್ವಾಂಸ, ನಾರಾಯಣ ದಾಜಿ ಸ್ವತಃ ಚಿತ್ರ ತೆಗೆಯುತ್ತಿದ್ದವರು. ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ 1855ರಲ್ಲಿ ಛಾಯಾಗ್ರಹಣದ ತರಗತಿಯೇ ಶುರುವಾಯಿತು. ಅಲ್ಲಿ ಕಲಿತ ಹರಿಶ್ಚಂದ್ರ ಚಿಂತಾಮಣಿ ಮುಂದೆ ನಗರದಲ್ಲಿ ಸ್ಟುಡಿಯೋ ನಡೆಸಿ ಹೆಸರು ಮಾಡಿದರು.

ಈ ಉತ್ಸಾಹಕ್ಕೆ ಕಾರಣ ಹೊಸ ಯಂತ್ರದ ಮೋಹವೊಂದೇ ಅಲ್ಲ. ಮುಂಬಯಿಯ ಸುತ್ತಲೇ ಗುಹೆಗಳಿದ್ದವು. ದೋಣಿ ಹತ್ತಿದರೆ ಎಲಿಫೆಂಟಾ. ಸಾಷ್ಟಿ ದ್ವೀಪದ ಕಾಡು ಹೊಕ್ಕರೆ ನೂರಕ್ಕೂ ಹೆಚ್ಚು ಗುಹೆಗಳ ಕನ್ಹೇರಿ. ಘಟ್ಟ ಹತ್ತಿದರೆ ಕಾರ್ಲಾ. ಇವುಗಳ ದಾಖಲೆಗೆಂದೇ 1848ರಲ್ಲಿ ಗುಹಾಲಯಗಳ ಆಯೋಗವೊಂದು ರಚನೆಯಾಗಿತ್ತು. ಆಗ ದಾಖಲೆಯೆಂದರೆ ಕೈಯಲ್ಲಿ ಬರೆದ ಚಿತ್ರ. ಅದು ಎಷ್ಟು ನಿಧಾನದ ಕೆಲಸ ಎಂಬುದಕ್ಕೆ ಅಜಂತಾದ ರಾಬರ್ಟ್ ಗಿಲ್ ಸಾಕ್ಷಿ. 1844ರಲ್ಲಿ ಭಿತ್ತಿಚಿತ್ರಗಳನ್ನು ನಕಲು ಮಾಡಲು ನೇಮಕವಾದ ಆ ಸೈನಿಕ ವರ್ಷಗಟ್ಟಲೆ ಅಲ್ಲೇ ಉಳಿದ. ಅವನು ಬರೆದು ಲಂಡನ್ನಿಗೆ ಕಳಿಸಿದ ಕ್ಯಾನ್ವಾಸುಗಳಲ್ಲಿ ಬಹುಪಾಲು 1866ರಲ್ಲಿ ಕ್ರಿಸ್ಟಲ್ ಪ್ಯಾಲೇಸಿನ ಬೆಂಕಿಗೆ ಆಹುತಿಯಾದವು. ಆ ಹೊತ್ತಿಗೆ ಗಿಲ್ ಕೂಡ ಕ್ಯಾಮರಾ ಹಿಡಿದಿದ್ದ. ಕಂಪನಿಯ ನಿರ್ದೇಶಕರ ಲೆಕ್ಕಾಚಾರ ಮಾತ್ರ ಸರಳವಾಗಿತ್ತು. ನಕ್ಷೆಗಾರನಿಗೆ ತಿಂಗಳು ಹಿಡಿಯುವ ಕಂಬದ ಕೆತ್ತನೆಯನ್ನು ಕ್ಯಾಮರಾ ಕೆಲವು ನಿಮಿಷಗಳಲ್ಲಿ ಹಿಡಿಯುತ್ತದೆ, ಖರ್ಚೂ ಕಡಿಮೆ.

ಕೆಲವು ನಿಮಿಷ ಎಂಬುದು ಲಂಡನ್ನಿನಲ್ಲಿ ಕೂತು ಹೇಳುವ ಮಾತು. ದಾರಿಯಲ್ಲಿ ಸಂಗತಿ ಬೇರೆಯೇ ಇತ್ತು.

ಆಗ ಚಾಲ್ತಿಯಲ್ಲಿದ್ದದ್ದು ಎರಡು ವಿಧಾನ. ಒಂದು, ಕಾಗದದ ನೆಗೆಟಿವ್. ಒಳ್ಳೆಯ ಕಾಗದಕ್ಕೆ ಮೇಣ ಹಿಡಿಸಿ, ಬೆಳ್ಳಿಯ ಲವಣಗಳಲ್ಲಿ ನೆನೆಸಿ, ಕತ್ತಲಲ್ಲಿ ಒಣಗಿಸಿ ಇಟ್ಟುಕೊಂಡರೆ ಕೆಲವು ದಿನ ಬಾಳುತ್ತಿತ್ತು. ಚಿತ್ರ ತೆಗೆಯಲು ಮಾತ್ರ ನಿಮಿಷಗಟ್ಟಲೆ ಮಸೂರ ತೆರೆದಿಡಬೇಕು. ಎರಡನೆಯದು 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್. ಗಾಜಿನ ಮೇಲೆ ಅಂಟಿನಂಥ ದ್ರವ ಹರಡಿ, ಅದು ಹಸಿಯಾಗಿರುವಾಗಲೇ ಬೆಳ್ಳಿಯ ನೈಟ್ರೇಟಿನಲ್ಲಿ ಅದ್ದಿ, ಕ್ಯಾಮರಾಕ್ಕೆ ಹಾಕಿ, ತೆಗೆದು, ಒಣಗುವ ಮೊದಲೇ ತೊಳೆದು ಮುಗಿಸಬೇಕು. ವಿವರ ಬಹಳ ಚೊಕ್ಕ, ಆದರೆ ಡೇರೆಯಂಥ ಕತ್ತಲಕೋಣೆಯನ್ನು ಪ್ರತಿ ಜಾಗಕ್ಕೂ ಹೊತ್ತೊಯ್ಯಬೇಕು. ಬಯಲುಸೀಮೆಯ ಏಪ್ರಿಲ್ ಬಿಸಿಲಲ್ಲಿ ಗಾಜು ಕೈಯಲ್ಲಿರುವಾಗಲೇ ಒಣಗುತ್ತದೆ. ದೂಳು ಅಂಟುತ್ತದೆ. ತೊಳೆಯಲು ಶುದ್ಧ ನೀರು ಬೇಕು. ಉಪ್ಪುನೀರಿನ ಬಾವಿಯಾದರೆ ಬೆಳ್ಳಿ ಹಾಲಿನಂತೆ ಒಡೆಯುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಇದಕ್ಕೆ ತದ್ವಿರುದ್ಧ ಕಷ್ಟ: ಕಾಗದ ಒಣಗುವುದೇ ಇಲ್ಲ, ಮರದ ಪೆಟ್ಟಿಗೆ ಉಬ್ಬಿಕೊಳ್ಳುತ್ತದೆ, ಎಲ್ಲದಕ್ಕೂ ಬೂಷ್ಟು.

ಇವನ್ನೆಲ್ಲ ಮುಂಬಯಿಯ ಹವ್ಯಾಸಿಗಳು ಕಲಿತದ್ದು ಊರ ಸುತ್ತಲಿನ ತಿರುಗಾಟಗಳಲ್ಲೇ. ಎಲಿಫೆಂಟಾದಲ್ಲಿ ದೊಡ್ಡ ತ್ರಿಮುಖ ಶಿವ ಇರುವುದು ಗುಹೆಯ ಒಳಗೋಡೆಯಲ್ಲಿ, ಬೆಳಕು ಬರುವುದು ಬಾಗಿಲಿನಿಂದ. ಆದ್ದರಿಂದ ಆ ಕಾಲದ ಗುಹೆಗಳ ಚಿತ್ರಗಳಲ್ಲಿ ಒಳಾಂಗಣಕ್ಕಿಂತ ಮುಂಬಾಗಿಲು, ಕಂಬಸಾಲು, ಮೇಲಿನ ಪೊದೆ, ಎದುರಿನ ಬಂಡೆ ಹೆಚ್ಚು. ದೇವರ ಚಿತ್ರ ತೆಗೆಯಲು ಹೋದವರು ಹೀಗೆ ಭೂದೃಶ್ಯದ ಚಿತ್ರ ತೆಗೆದುಕೊಂಡು ಬಂದರು. ಕನ್ಹೇರಿಗೆ ಹೋಗಲು 1845ರಲ್ಲಿ ಮಾಹಿಮ್ ಸೇತುವೆ ತೆರೆದ ಮೇಲೆ ದೋಣಿಯ ಹಂಗು ತಪ್ಪಿತ್ತು. ಜಮಶೇಟ್‌ಜಿ ಜೀಜಿಭಾಯಿಯವರ ಪತ್ನಿ ಆವಾಬಾಯಿ ಕೊಟ್ಟ ಹಣದಲ್ಲಿ ಕಟ್ಟಿದ ಸೇತುವೆ ಅದು. ಈಗ ಬೊರಿವಲಿ ಸ್ಟೇಷನ್ನಿನಲ್ಲಿ ಇಳಿದು ಬಸ್ಸು ಹತ್ತಿ ಹೋಗುವ ಆ ಗುಹೆಗಳು ಆಗ ಒಂದು ಪ್ರವಾಸ, ಗಾಜು ಮತ್ತು ರಾಸಾಯನಿಕಗಳನ್ನು ಹೊತ್ತ ಕೂಲಿಗಳ ಒಂದು ಸಾಲು.

ಇದೇ ಹೊತ್ತಿನಲ್ಲಿ ವಿಲಿಯಂ ಜಾನ್ಸನ್ ಮತ್ತು ವಿಲಿಯಂ ಹೆಂಡರ್ಸನ್ ಎಂಬಿಬ್ಬರು ಮುಂಬಯಿಯಲ್ಲಿ ಒಂದು ಮಾಸಿಕ ಹೊರಡಿಸಿದರು. 1856ರ ಡಿಸೆಂಬರಿನಿಂದ 1858ರ ಅಕ್ಟೋಬರಿನವರೆಗೆ 24 ಸಂಚಿಕೆ, ಒಂದೊಂದರಲ್ಲೂ ಮೂರು ಮೂಲ ಛಾಯಾಚಿತ್ರ ಅಂಟಿಸಿ ಕೊಡುತ್ತಿದ್ದರು. ಮುಂಬಯಿಯ ಕಟ್ಟಡಗಳು, ಗುಹೆಗಳು, ಜಾತಿ ಮತ್ತು ಕಸುಬಿನ ಜನರು ಹೀಗೆ ಸಂಗ್ರಾಹಕರ ಮನೆಗೆ ತಿಂಗಳು ತಿಂಗಳು ಬಂದವು. ಜಾನ್ಸನ್ ಮುಂದೆ ಮಾಡಿದ ಒಂದು ಕೆಲಸ ಈ ಕಥೆಗೆ ಬೇಕಾಗಿದೆ, ಅದಕ್ಕೆ ತುಸು ಆಮೇಲೆ ಬರಬಹುದು.

ಬಿಗ್ಸ್ ಹೊರಟಾಗ ರೈಲು ಅವನಿಗೆ ಹೆಚ್ಚು ಉಪಯೋಗಕ್ಕೆ ಬರುವಂತಿರಲಿಲ್ಲ. 1853ರಲ್ಲಿ ಠಾಣೆಗೆ ಹೋಗಿದ್ದ ರೈಲು ಮರುವರ್ಷ ಕಲ್ಯಾಣ ಮುಟ್ಟಿತ್ತು, ಅಷ್ಟೇ. ಭೋರ್ ಘಟ್ಟ ಹತ್ತಲು ಅದಕ್ಕೆ ಇನ್ನೂ ಎಂಟು ವರ್ಷ ಬೇಕಿತ್ತು. ಬಿಜಾಪುರಕ್ಕೆ ಸುಮಾರು 500 ಕಿಲೋಮೀಟರ್; ಕುದುರೆ, ಎತ್ತಿನಗಾಡಿ, ತಲೆಹೊರೆ. ಆ ಕಾಲದ ಛಾಯಾಗ್ರಾಹಕರ ಬರಹಗಳಲ್ಲಿ ಕೂಲಿಗಳು ಬರುವುದು ಬಹುಮಟ್ಟಿಗೆ ದೂರಿನ ರೂಪದಲ್ಲಿ. 1860ರ ದಶಕದಲ್ಲಿ ಹಿಮಾಲಯ ಸುತ್ತಿದ ಸ್ಯಾಮ್ಯುಯೆಲ್ ಬೋರ್ನ್ 18,000 ಅಡಿ ದಾಟಿದ ಮಣಿರಂಗ್ ಕಣಿವೆಯಲ್ಲಿ ಚಿತ್ರ ತೆಗೆದು ದಾಖಲೆ ಮಾಡಿದ. ಲಂಡನ್ನಿನ ಪತ್ರಿಕೆಗೆ ಅವನು ಬರೆದ ಲೇಖನಗಳಲ್ಲಿ ಹೊರೆ ಇಳಿಸಿ ಓಡಿಹೋದ ಕೂಲಿಗಳ ಮೇಲಿನ ಸಿಟ್ಟು ಪುಟಗಟ್ಟಲೆ ಇದೆ. ಹಿಮದಲ್ಲಿ ಬರಿಗಾಲಲ್ಲಿ ಗಾಜು ಹೊರುವವನು ಏಕೆ ಓಡಿಹೋದ ಎಂದು ಕೇಳುವಷ್ಟು ಪುರುಸೊತ್ತು ಅವನಿಗಿದ್ದಂತೆ ತೋರುವುದಿಲ್ಲ.

ಬಿಗ್ಸ್ ಒಂದು ವರ್ಷದೊಳಗೆ ಬಿಜಾಪುರ, ಬಾದಾಮಿ, ಐಹೊಳೆ ಮುಂತಾದೆಡೆ ನೂರಕ್ಕೂ ಹೆಚ್ಚು ಕಾಗದದ ನೆಗೆಟಿವ್ ತೆಗೆದ. ಅವು ಈಗ ಲಂಡನ್ನಿನ ಸಂಗ್ರಹಗಳಲ್ಲಿ ನೋಡಸಿಗುತ್ತವೆ. ಕಾಗದದ ನಾರು ಚಿತ್ರದೊಳಗೆ ಇಳಿದು ಎಲ್ಲವೂ ಸ್ವಲ್ಪ ಮಸುಕು, ಕಲ್ಲಿಗೆ ಆ ಮಸುಕು ಒಪ್ಪುತ್ತದೆ. ಆಕಾಶ ಬರಿದು. ಆಗಿನ ರಾಸಾಯನಿಕಕ್ಕೆ ನೀಲಿ ಬಣ್ಣ ಬಿಳಿಯಾಗಿ ಕಾಣುತ್ತಿತ್ತು. ಮೋಡ ಬೇಕೆಂದವರು ನೆಗೆಟಿವಿನ ಮೇಲೆ ಕುಂಚದಲ್ಲಿ ಬರೆಯಬೇಕಿತ್ತು. 1854ರ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಹೊರಟು ವೈದ್ಯ ನೀಲ್ ಜೊತೆ ಹಳೇಬೀಡು, ಬೇಲೂರುಗಳ ಚಿತ್ರ ತೆಗೆದ ಲಿನಿಯಸ್ ಟ್ರೈಪ್ ಇಂಥ ಮೋಡ ಬರೆಯುವುದರಲ್ಲಿ ನಿಪುಣ. ಇನ್ನೊಂದು ದಿಕ್ಕಿನಲ್ಲಿ, ಮದರಾಸ್ ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ 1856ರ ಸುಮಾರಿಗೆ ಹಂಪಿಯಲ್ಲಿ ಅರುವತ್ತರಷ್ಟು ದೊಡ್ಡ ನೆಗೆಟಿವ್ ತೆಗೆದಿಟ್ಟ. ಅವು ಪತ್ತೆಯಾದದ್ದು 1980ರಲ್ಲಿ. ಎರಡು ಮೂರು ವರ್ಷಗಳೊಳಗೆ ಮುಂಬಯಿ, ಬೆಂಗಳೂರು, ಬಳ್ಳಾರಿ ಮೂರು ಕಡೆಯಿಂದ ಕ್ಯಾಮರಾಗಳು ಕನ್ನಡ ನಾಡಿನೊಳಗೆ ನುಗ್ಗಿದ್ದವು.

ಈ ಚಿತ್ರಗಳನ್ನು ನೋಡಿದವರಿಗೆಲ್ಲ ಮೊದಲು ತಟ್ಟುವುದು ನಿರ್ಜನತೆ. ಊರೇ ಇಲ್ಲವೇನೋ ಎಂಬಂತೆ ಗುಡಿಗಳು ನಿಂತಿರುತ್ತವೆ. ಅಲ್ಲಲ್ಲಿ ಒಬ್ಬ ಮನುಷ್ಯ ಕಂಬಕ್ಕೆ ಒರಗಿರುತ್ತಾನೆ. ಎತ್ತರದ ಅಂದಾಜು ಸಿಗಲೆಂದು ನಿಲ್ಲಿಸಿದ ಅಳತೆಗೋಲು ಅವನು. ಈ ಖಾಲಿತನದಲ್ಲಿ ಒಂದಿಷ್ಟು ಪಾಲು ರಾಸಾಯನಿಕದ್ದು. ನಿಮಿಷಗಟ್ಟಲೆ ತೆರೆದ ಮಸೂರದೆದುರು ನಡೆದುಹೋದವರು ಚಿತ್ರದಲ್ಲಿ ಉಳಿಯುವುದಿಲ್ಲ. ನೀರಿಗೆ ಬಂದ ಹೆಂಗಸು, ಎತ್ತು ಹೊಡೆದುಕೊಂಡು ಹೋದ ಹುಡುಗ, ಸುತ್ತ ನೆರೆದು ಗದ್ದಲ ಮಾಡುತ್ತಿದ್ದ ಮಕ್ಕಳು ಎಲ್ಲ ಕರಗಿಹೋಗುತ್ತಾರೆ. ಉಳಿದ ಪಾಲು ಆಯ್ಕೆಯದು. ತೆಗೆಯಬೇಕಾಗಿದ್ದದ್ದು ಪಾಳುಬಿದ್ದ ಹಳೆಯ ಕಟ್ಟಡ, ಬಾಳುತ್ತಿರುವ ಊರಲ್ಲ.

ಐಹೊಳೆಯಲ್ಲಿ ಇದು ವಿಶೇಷವಾಗಿ ವಿಚಿತ್ರ. ನೂರಕ್ಕೂ ಹೆಚ್ಚು ಗುಡಿಗಳ ಆ ಊರಿನಲ್ಲಿ ಜನ ಗುಡಿಗಳ ನಡುವೆ, ಗುಡಿಗಳಿಗೆ ಆನಿಸಿ, ಗುಡಿಗಳ ಒಳಗೇ ಬದುಕಿದ್ದರು. ಗುಡಿಗಳ ಹೆಸರುಗಳೇ ಅದನ್ನು ಹೇಳುತ್ತವೆ. ಗೌಡರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಮಠ. ಕಲಾಚರಿತ್ರೆಯ ಪ್ರತಿ ಪುಸ್ತಕದಲ್ಲೂ ಬರುವ ಲಾಡ್‌ಖಾನ್ ಗುಡಿಗೆ ಆ ಹೆಸರು ಬಂದದ್ದು ಅದರೊಳಗೆ ವಾಸವಿದ್ದ ಮುಸ್ಲಿಮನೊಬ್ಬನಿಂದ. ದುರ್ಗದ ಗುಡಿಯ ಹೆಸರಿಗೂ ದೇವಿಗೂ ಸಂಬಂಧವಿಲ್ಲ, ಅದು ಪಕ್ಕದ ಕೋಟೆಯಿಂದ ಬಂದದ್ದು. ಚಾಲುಕ್ಯರು ಕಟ್ಟಿದಾಗ ಇವಕ್ಕೆ ಇದ್ದ ಹೆಸರುಗಳು ಹೋಗಿ, ಬಾಳಿದವರ ಹೆಸರುಗಳು ನಿಂತವು. ಕ್ಯಾಮರಾ ಬಂದಾಗ ಆ ಹೆಸರುಗಳು ಚಿತ್ರದ ಅಡಿಬರಹಕ್ಕೆ ಸೇರಿದವು, ಜನ ಸೇರಲಿಲ್ಲ.

ಜನರ ಚಿತ್ರ ಬೇಡವಾಗಿತ್ತು ಎಂದಲ್ಲ. ಅದಕ್ಕೆ ಬೇರೆ ಪುಸ್ತಕವಿತ್ತು. ಜಾನ್ಸನ್ 1863 ಮತ್ತು 1866ರಲ್ಲಿ ಮುಂಬಯಿಯ ನಿವಾಸಿಗಳ, ಅಲ್ಲಿಗೆ ಬಂದುಹೋಗುವವರ ಎರಡು ಸಂಪುಟ ತಂದ. ಜಾತಿಗೊಂದು ಗುಂಪು, ಹಿಂದೆ ಒಂದು ಕಟ್ಟಡ, ಮರ, ಕಡಲತೀರ. ಅವನ ಕೈಚಳಕವೆಂದರೆ ಜನರನ್ನು ಒಂದು ಕಡೆ ಕೂರಿಸಿ ತೆಗೆದು, ಭೂದೃಶ್ಯವನ್ನು ಇನ್ನೊಂದು ಕಡೆ ತೆಗೆದು, ಎರಡು ನೆಗೆಟಿವ್‌ಗಳನ್ನು ಜೋಡಿಸಿ ಮುದ್ರಿಸಿದ್ದು. ಗಮನವಿಟ್ಟು ನೋಡಿದರೆ ಕೆಲವು ಪುಟಗಳಲ್ಲಿ ಕಾಲು ನೆಲಕ್ಕೆ ಸರಿಯಾಗಿ ತಾಗಿಲ್ಲ, ನೆರಳು ತಪ್ಪು ದಿಕ್ಕಿಗೆ ಬಿದ್ದಿದೆ. ಒಂದು ಕಡೆ ಜನರನ್ನು ಒರೆಸಿದ ಭೂಮಿ, ಇನ್ನೊಂದು ಕಡೆ ಭೂಮಿಯಿಂದ ಕತ್ತರಿಸಿ ತೆಗೆದ ಜನ. ಒಂದೇ ನಗರದಲ್ಲಿ, ಒಂದೇ ದಶಕದಲ್ಲಿ ಎರಡೂ ತಯಾರಾದವು.

1855ರ ಕೊನೆಗೆ ಬಿಗ್ಸ್‌ನನ್ನು ಸೈನ್ಯ ವಾಪಸು ಕರೆಸಿಕೊಂಡಿತು. ಅವನ ಜಾಗಕ್ಕೆ ಬಂದವನು ಮುಂಬಯಿ ವೈದ್ಯಕೀಯ ಸೇವೆಯ ಡಾಕ್ಟರ್ ಪಿಗೂ. ಲಕ್ಕುಂಡಿ, ಗದಗ, ಡಂಬಳ, ಹಾವೇರಿಯ ಕಡೆಯ ಮೊದಲ ಛಾಯಾಚಿತ್ರಗಳಲ್ಲಿ ಹೆಚ್ಚಿನವು ಇವನವು. ಡಂಬಳದ ದೊಡ್ಡಬಸಪ್ಪ ಗುಡಿಯ ಹೊರಗೋಡೆ ಗಾಲಿಯ ಹಲ್ಲಿನಂತೆ ಮುರಿಮುರಿದು ಸುತ್ತುತ್ತದೆ. ಅದರ ಮೇಲೆ ಬೆಳಕು ನೆರಳು ಕೂರುವ ಹೊತ್ತನ್ನು ಕಾದು ತೆಗೆಯಲು ವೈದ್ಯನಿಗೆ ತಾಳ್ಮೆ ಇತ್ತು.

ಈ ಚಿತ್ರಗಳು ತಯಾರಾಗುತ್ತಿದ್ದ ನೆಲ ಆಗ ಶಾಂತವಾಗಿರಲಿಲ್ಲ. 1857ರ ನವೆಂಬರಿನಲ್ಲಿ, ಬಾದಾಮಿ ಇರುವ ಇದೇ ಸೀಮೆಯ ಹಲಗಲಿಯಲ್ಲಿ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಸೈನ್ಯ ಬಂದು ಊರನ್ನು ಸುಟ್ಟಿತು, ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲುಗಳಾದವು. ಮರುವರ್ಷ ನರಗುಂದದ ಭಾಸ್ಕರರಾವ್ ದಂಗೆ ಎದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದ. ಸುರಪುರದ ವೆಂಕಟಪ್ಪ ನಾಯಕ ಸೆರೆಸಿಕ್ಕು ಅದೇ 1858ರಲ್ಲಿ ಗುಂಡೇಟಿಗೆ ಸತ್ತ. ಪಿಗೂ ಕೂಡ 1858ರಲ್ಲೇ ತೀರಿಕೊಂಡ, ತನ್ನ ಚಿತ್ರಗಳು ಪುಸ್ತಕವಾಗಿದ್ದನ್ನು ನೋಡಲಿಲ್ಲ. ಆ ಪುಸ್ತಕ ನೋಡುವವರಿಗೆ ಈ ಯಾವುದರ ಸುಳಿವೂ ಸಿಗುವುದಿಲ್ಲ. ಅಲ್ಲಿರುವುದು ಬಿಸಿಲು, ಕಲ್ಲು, ಪಾಪಾಸುಕಳ್ಳಿ.

ಪುಸ್ತಕ ಬಂದದ್ದು 1866ರಲ್ಲಿ. ಹೇಗೆ ಬಂತು ಎಂಬುದು ಚಿತ್ರ ತೆಗೆದಷ್ಟೇ ಸ್ವಾರಸ್ಯದ ಸಂಗತಿ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಲ್ಯಾಂಕಶೈರಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತಿತು. ಎಲ್ಲರ ಕಣ್ಣು ಮುಂಬಯಿಯ ಮೇಲೆ ಬಿತ್ತು. ಮುಂಬಯಿಗೆ ಹತ್ತಿ ಬರುತ್ತಿದ್ದದ್ದು ಗುಜರಾತ, ವರ್ಹಾಡಗಳಿಂದಷ್ಟೇ ಅಲ್ಲ, ಧಾರವಾಡದಿಂದಲೂ. ಹುಬ್ಬಳ್ಳಿ, ಗದಗಗಳ ಎರೆಮಣ್ಣಿನ ಹತ್ತಿ ಎತ್ತಿನ ಮೇಲೆ ಘಟ್ಟ ಇಳಿದು ಕುಮಟೆಯ ಬಂದರಿನಲ್ಲಿ ಹಡಗು ಹತ್ತುತ್ತಿತ್ತು. ಅದಕ್ಕೇ ಲಿವರ್‌ಪೂಲಿನ ಪೇಟೆಯಲ್ಲಿ ಕುಮಟಾ ಎಂಬುದು ಒಂದು ತಳಿಯ ಹೆಸರೇ ಆಗಿಬಿಟ್ಟಿತ್ತು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಜೋಡಿಸಿದ್ದರ ಹಿಂದೆ ಕೂಡ ಈ ಹತ್ತಿಯೂ ಕಾರವಾರದ ಬಂದರಿನ ಆಸೆಯೂ ಇದ್ದವು. ನಾಲ್ಕು ವರ್ಷ ಮುಂಬಯಿಯಲ್ಲಿ ಹಣ ಮಳೆಯಂತೆ ಸುರಿಯಿತು. ಆ ಮಳೆಯ ನಡುವೆ ನಿಂತಿದ್ದವನು ಪ್ರೇಮಚಂದ್ ರಾಯಚಂದ್. ಹತ್ತಿ, ಷೇರು, ಬ್ಯಾಂಕು, ಸಮುದ್ರ ತುಂಬಿಸಿ ನೆಲ ಮಾಡುವ ಕಂಪನಿಗಳು, ಎಲ್ಲದರಲ್ಲೂ ಅವನ ಕೈ. ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೂ ತಾಯಿ ರಾಜಾಬಾಯಿಯ ಹೆಸರಿನ ಗಡಿಯಾರ ಗೋಪುರಕ್ಕೂ ಹಣ ಕೊಟ್ಟವನು ಅವನೇ.

ಆ ಉಬ್ಬರದಲ್ಲೇ ಪಶ್ಚಿಮ ಇಂಡಿಯಾದ ಪ್ರಾಚೀನ ವಾಸ್ತುಗಳ ಸಮಿತಿಯೊಂದು ಮುಂಬಯಿಯಲ್ಲಿ ಹುಟ್ಟಿತು. ಪ್ರೇಮಚಂದ್ ಮತ್ತು ಅವನಂಥ ಹತ್ತಿ ವ್ಯಾಪಾರಿಗಳು ಖರ್ಚು ವಹಿಸಿಕೊಂಡರು. ಪೆಟ್ಟಿಗೆಗಳಲ್ಲಿ ಹತ್ತು ವರ್ಷ ಬಿದ್ದಿದ್ದ ಬಿಗ್ಸ್, ಪಿಗೂ, ನೀಲ್‌ರ ನೆಗೆಟಿವ್‌ಗಳು ಹೊರಬಂದವು. ಲಂಡನ್ನಿನ ಜಾನ್ ಮರ್ರೆ 1866ರಲ್ಲಿ ಮೂರು ಭಾರೀ ಸಂಪುಟ ಪ್ರಕಟಿಸಿದ: ಅಹಮದಾಬಾದ್, ಬಿಜಾಪುರ, ಧಾರವಾಡ ಮತ್ತು ಮೈಸೂರು. ಅಷ್ಟರಲ್ಲಿ ಅಮೆರಿಕದ ಯುದ್ಧ ಮುಗಿದು, 1865ರಲ್ಲಿ ಹತ್ತಿಯ ಬೆಲೆ ಕುಸಿದು, ಮುಂಬಯಿಯ ಷೇರುಗಳು ಕಾಗದದ ಚೂರಾಗಿದ್ದವು. ಪ್ರೇಮಚಂದ್ ದಿವಾಳಿಯಾಗಿದ್ದ. ಪುಸ್ತಕದ ಹಾಳೆಗಳಲ್ಲಿ ಲಕ್ಕುಂಡಿಯ ಗುಡಿ ಇದೆ, ಆ ಗುಡಿಯ ಸುತ್ತಲಿನ ಹೊಲದ ಹತ್ತಿಯಿಂದ ಬಂದ ಹಣದ ಒಂದು ಎಳೆಯಾದರೂ ಆ ಹಾಳೆಯಲ್ಲಿದೆ ಎನ್ನುವುದು ಬರೀ ಅಲಂಕಾರದ ಮಾತಲ್ಲ.

ಧಾರವಾಡ ಮತ್ತು ಬಿಜಾಪುರದ ಸಂಪುಟಗಳಿಗೆ ಚರಿತ್ರೆಯ ಭಾಗ ಬರೆದವನು ಮೆಡೋಸ್ ಟೇಲರ್. ವಾಸ್ತುಶಿಲ್ಪದ ಟಿಪ್ಪಣಿ ಜೇಮ್ಸ್ ಫರ್ಗುಸನ್‌ನದು. ಫರ್ಗುಸನ್ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಹೋಲಿಸಿ, ವಿಂಗಡಿಸಿ, ಚಾಲುಕ್ಯ ಶೈಲಿ ಎಂಬ ಹೆಸರನ್ನು ಚಲಾವಣೆಗೆ ತಂದ. ಹಳೇಬೀಡನ್ನೂ ಅದರೊಳಗೇ ಸೇರಿಸಿದ. ಹೊಯ್ಸಳ ಎಂದು ಬೇರೆ ಮಾಡಲು ಮುಂದಿನವರಿಗೆ ಬಹಳ ಕಾಲ ಹಿಡಿಯಿತು. ಟೇಲರ್‌ನ ವಿಷಯ ಬೇರೆ. ಅವನು ಈ ಸೀಮೆಯನ್ನು ಚಿತ್ರದಲ್ಲಿ ನೋಡಿದವನಲ್ಲ. 1841ರಿಂದ ಹನ್ನೆರಡು ವರ್ಷ ಸುರಪುರದ ಆಡಳಿತ ನೋಡಿಕೊಂಡವನು, ಬಾಲಕ ರಾಜನನ್ನು ಬೆಳೆಸಿದವನು. 1858ರಲ್ಲಿ ಸತ್ತ ವೆಂಕಟಪ್ಪ ನಾಯಕನೇ ಆ ಬಾಲಕ. ಟೇಲರ್‌ನನ್ನು ಅಪ್ಪಾ ಎಂದು ಕರೆಯುತ್ತಿದ್ದ. ಆ ದುಃಖವನ್ನು ಟೇಲರ್ ತನ್ನ ಆತ್ಮಕಥೆಯಲ್ಲಿ ತೋಡಿಕೊಂಡ. ಚಿತ್ರಸಂಪುಟಗಳಿಗೆ ಬರೆದದ್ದು ರಾಜವಂಶಗಳ ಚರಿತ್ರೆ.

ಕನ್ನಡಕ್ಕೆ ಈ ಎಲ್ಲ ಓಡಾಟದಿಂದ ನಿಜವಾಗಿ ದಕ್ಕಿದ್ದು ಭೂದೃಶ್ಯಗಳಿಗಿಂತ ಹೆಚ್ಚಾಗಿ ಅಕ್ಷರ. ಬಿಗ್ಸ್, ಪಿಗೂ, ನೀಲ್ ಗುಡಿಗಳ ಜೊತೆಗೆ ಶಾಸನದ ಕಲ್ಲುಗಳನ್ನೂ ತೆಗೆದಿದ್ದರು. ಅವುಗಳನ್ನು ಥಿಯೋಡರ್ ಹೋಪ್ 1866ರಲ್ಲೇ ಪ್ರತ್ಯೇಕವಾಗಿ, ಬಹಳ ಕಡಿಮೆ ಪ್ರತಿಗಳಲ್ಲಿ ಹೊರತಂದ. ಮರುವರ್ಷ ಮುಂಬಯಿಗೆ ಬಂದಿಳಿದ ಜಾನ್ ಫೇಥ್‌ಫುಲ್ ಫ್ಲೀಟ್ ಎಂಬ ಯುವ ಅಧಿಕಾರಿಗೆ ಕನ್ನಡ ಜಿಲ್ಲೆಗಳಲ್ಲಿ ಕೆಲಸ ಬಿತ್ತು. ಅವನು ಹಳಗನ್ನಡ ಕಲಿತು ಈ ಚಿತ್ರಗಳನ್ನು ಓದತೊಡಗಿದ. ಅವನ್ನೆಲ್ಲ ಜೋಡಿಸಿ, ವಿವರಿಸಿ 1878ರಲ್ಲಿ ದೊಡ್ಡ ಸಂಗ್ರಹವೊಂದನ್ನು ತಂದ. ಕನ್ನಡ ಜಿಲ್ಲೆಗಳ ಅರಸು ಮನೆತನಗಳ ಚರಿತ್ರೆಯನ್ನು ಬರೆಯಲು ಆ ಓದು ಅವನಿಗೆ ಅಡಿಪಾಯವಾಯಿತು. ಕಲ್ಲಿನ ಅಕ್ಷರ ಎದ್ದು ಕಾಣಬೇಕಾದರೆ ಬೆಳಕು ಓರೆಯಾಗಿ ಬೀಳಬೇಕು, ಸವೆದ ಸಾಲುಗಳು ಚಿತ್ರದಲ್ಲಿ ಕೈಕೊಡುತ್ತವೆ. ಆದ್ದರಿಂದ ಶಾಸನ ಓದುವವರು ಮುಂದೆ ಕ್ಯಾಮರಾ ಬಿಟ್ಟು ಒದ್ದೆ ಕಾಗದ ಒತ್ತಿ ಮಸಿ ಹಚ್ಚುವ ವಿಧಾನಕ್ಕೆ ಹೊರಳಿದರು. ಆದರೂ ಮುಂಬಯಿಯ ಮೇಜಿನ ಮೇಲೆ ಕನ್ನಡದ ಕಲ್ಲುಗಳು ಒಟ್ಟಾಗಿ ಬಂದು ಕುಳಿತದ್ದು ಮೊದಲು ಈ ಹಾಳೆಗಳ ಮೂಲಕ.

1872ರಲ್ಲಿ ಜೇಮ್ಸ್ ಬರ್ಜೆಸ್ ಮುಂಬಯಿಯಿಂದ ಇಂಡಿಯನ್ ಆಂಟಿಕ್ವೆರಿ ಪತ್ರಿಕೆ ಶುರುಮಾಡಿದ. ಐಹೊಳೆಯ ಮೇಗುಟಿಯಲ್ಲಿರುವ ಇಮ್ಮಡಿ ಪುಲಕೇಶಿಯ ಶಾಸನವನ್ನೂ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವನ್ನೂ ಫ್ಲೀಟ್ ಪ್ರಕಟಿಸಿದ್ದು ಅದರಲ್ಲೇ. ಬರ್ಜೆಸ್ 1874ರ ಜನವರಿಯಿಂದ ಮೇವರೆಗೆ ಬೆಳಗಾವಿ, ಕಲಾದಗಿ ಜಿಲ್ಲೆಗಳನ್ನು ಸುತ್ತಿದ. ಪಶ್ಚಿಮ ಇಂಡಿಯಾದ ಪುರಾತತ್ವ ಸರ್ವೇಕ್ಷಣೆಯ ಮೊದಲ ವರದಿ ಅದು. 1880ರ ದಶಕದಲ್ಲಿ ಹೋಟಗಿಯಿಂದ ಗದಗಿಗೆ ರೈಲು ಬಂತು, ಬಿಜಾಪುರ ಬಾದಾಮಿಗಳಲ್ಲಿ ಸ್ಟೇಷನ್ನುಗಳಾದವು. ಬಿಗ್ಸ್‌ನ ಕೂಲಿಗಳು ನಡೆದ ದಾರಿ ಟಿಕೆಟ್ಟಿನ ದಾರಿಯಾಯಿತು.

ಫ್ಲೀಟ್ ಶಾಸನಗಳಿಗೇ ನಿಲ್ಲಲಿಲ್ಲ. ಅದೇ ಊರುಗಳಲ್ಲಿ ಜನ ಹಾಡುತ್ತಿದ್ದ ಲಾವಣಿಗಳನ್ನು ಬರೆಸಿಕೊಂಡು, 1885ರಿಂದ ಅದೇ ಪತ್ರಿಕೆಯಲ್ಲಿ ಕನ್ನಡ ಪಾಠ ಮತ್ತು ಅನುವಾದದೊಂದಿಗೆ ಅಚ್ಚು ಹಾಕಿಸಿದ. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನದು ಒಂದು, ಹಲಗಲಿಯ ಬೇಡರದು ಇನ್ನೊಂದು.